ನೋಡುವ ಕಲ್ಲು
ಗ್ರೀಕ್–ರೋಮನ್ ಶಿಲ್ಪವನ್ನು ಆದರ್ಶವಾಗಿಟ್ಟುಕೊಂಡ ನವ ಅಭಿಜಾತ ಪಂಥ ನಿರ್ಜೀವವೆಂಬುದು ಆಧುನಿಕರ ಹಳೆಯ ದೂರು. ಫ್ರಾನ್ಸಿನ ಊದೋನ್ (1741–1828) ಕಡೆದ ಮುಖಗಳೆದುರು ಈ ಮಾತು ನಿಲ್ಲದು. ಆತ ಕಣ್ಣಿನ ಪಾಪೆಯನ್ನು ಆಳವಾಗಿ ಕೊರೆದು, ಒಳಗೆ ಕಲ್ಲಿನದೇ ಸಣ್ಣ ಚೂರೊಂದನ್ನು ಉಳಿಸುತ್ತಿದ್ದ. ಸುತ್ತ ನೆರಳು, ಚೂರಿನ ಮೇಲೆ ಬೆಳಕು, ಕಲ್ಲು ನೋಡತೊಡಗುತ್ತದೆ! 1778ರ ವಾಲ್ಟೇರ್ ಶಿಲ್ಪದ ಕೊಂಕುನಗೆಗೆ ಜೀವ ತುಂಬಿದ್ದೂ ಇಂಥ ಕಣ್ಣುಗಳೇ.

1785ರಲ್ಲಿ ಊದೋನ್ ಅಟ್ಲಾಂಟಿಕ್ ದಾಟಿ ಹೋಗಿ, ಜಾರ್ಜ್ ವಾಷಿಂಗ್ಟನ್‌ನ ಮುಖಕ್ಕೆ ಪ್ಲಾಸ್ಟರ್ ಮೆತ್ತಿ ಅಚ್ಚು ತೆಗೆದ. ಮೈಯ ಅಳತೆಯನ್ನೂ ಬಿಡಲಿಲ್ಲ. ರಿಚ್ಮಂಡ್‌ನಲ್ಲಿರುವ ಆ ಪ್ರತಿಮೆಯ ಪಕ್ಕದಲ್ಲಿ ರೋಮನ್ ಅಧಿಕಾರದ ಕುರುಹಾದ ಕೋಲುಗಳ ಕಟ್ಟು ಇದೆ. ಆದರೆ ಮೈಮೇಲಿರುವುದು ರೋಮನ್ ನಿಲುವಂಗಿಯಲ್ಲ, ವಾಷಿಂಗ್ಟನ್‌ನದೇ ಕಾಲದ ಸೇನಾ ಉಡುಪು.

1910ರಲ್ಲಿ ಬ್ರಾಂಕೂಸಿ ತನ್ನ ‘ಮಲಗಿದ ಕಲಾದೇವತೆ’ಯ ತಲೆಯನ್ನು ನುಣುಪಾದ ಮೊಟ್ಟೆಯಂತಾಗಿಸಿದ. ಕಣ್ಣುಗಳು ಬರಿಯ ಗೆರೆಗಳಾದವು. ರೂಪ ಶುದ್ಧವಾಯಿತು, ನಿಜ. ಮಾದರಿಯಾಗಿ ಕುಳಿತ ಹೆಂಗಸು ಹೇಗಿದ್ದಳೆಂಬುದು ಮಾತ್ರ ಅದರಿಂದ ತಿಳಿಯದು.