ಹಿಮದಲ್ಲಿ ತುಳಿದ ಹಾದಿ

ಆಕಾಶಯಾನದ ಇತಿಹಾಸವನ್ನು ನಾವು ಬಹುಮಟ್ಟಿಗೆ ಹಾರಾಟದ ಇತಿಹಾಸವೆಂದೇ ಓದುತ್ತೇವೆ. ಹಾರಲಾರದೆ ಕೆಳಗಿಳಿದವರ ದುಡಿಮೆಯೂ ಅದರದೊಂದು ಅಧ್ಯಾಯವೆಂಬುದಕ್ಕೆ 1925ರಲ್ಲಿ ಉತ್ತರಧ್ರುವದ ಸಮೀಪ ನಡೆದ ಪ್ರಸಂಗ ಸಾಕ್ಷಿಯಾಗಿದೆ.

1911ರಲ್ಲಿ ದಕ್ಷಿಣಧ್ರುವವನ್ನು ಮೊದಲು ಮುಟ್ಟಿದ ನಾರ್ವೆಯ ರೋಆಲ್ಡ್ ಅಮುಂಡ್‌ಸೆನ್, ಉತ್ತರಧ್ರುವವನ್ನು ವಿಮಾನದಲ್ಲಿ ತಲಪಲು ಬಯಸಿದನು. 1925ರ ಮೇ 21ರಂದು ಎರಡು ಡಾರ್ನಿಯರ್ ವಾಲ್ ವಿಮಾನಗಳು ಆರು ಜನರನ್ನು ಹೊತ್ತು ಸ್ವಾಲ್ಬಾರ್ಡ್ ದ್ವೀಪಗಳಿಂದ ಹೊರಟವು. ದೋಣಿಯಂಥ ಒಡಲಿನ ಈ ವಿಮಾನಗಳು ನೀರಿನ ಮೇಲೂ ಹಿಮದ ಮೇಲೂ ಇಳಿಯಬಲ್ಲವಾಗಿದ್ದವು. ಅವುಗಳಲ್ಲಿ ರೇಡಿಯೊ ಮಾತ್ರ ಇರಲಿಲ್ಲ. ಅರ್ಧ ಇಂಧನ ತೀರಿದಾಗ, ಇರುವ ಸ್ಥಳವನ್ನು ಗೊತ್ತುಮಾಡಿಕೊಳ್ಳಲು ಕೆಳಗಿಳಿಯುತ್ತಿದ್ದಂತೆ, ಅಮುಂಡ್‌ಸೆನ್ನನ ವಿಮಾನದ ಹಿಂದಿನ ಎಂಜಿನ್ ಕೈಕೊಟ್ಟಿತು. ಚಾಲಕ ರೀಸರ್-ಲಾರ್ಸೆನ್ ಹಿಮದ ಬಿರುಕಿನ ನಡುವಣ ನೀರಿನಲ್ಲಿ ಅದನ್ನು ಇಳಿಸಿದನು. ಧ್ರುವ ಇನ್ನೂ ಸುಮಾರು 250 ಕಿಲೊಮೀಟರ್ ದೂರವಿತ್ತು. ಜೊತೆಯ ವಿಮಾನವೂ ಅನತಿದೂರದಲ್ಲಿ ಇಳಿಯಿತು. ಅದರ ತಳಕ್ಕೆ ನೀರು ನುಗ್ಗಿ ಅದು ನಿರುಪಯುಕ್ತವಾಯಿತು.

ಚದುರಿದ ತಂಡ ಒಂದುಗೂಡಲು ಐದು ದಿನ ಹಿಡಿಯಿತು. ಬರುವ ದಾರಿಯಲ್ಲಿ ತೆಳುಹಿಮ ಒಡೆದು ಡೀಟ್ರಿಕ್ಸನ್, ಓಮ್ಡಾಲ್ ಇಬ್ಬರೂ ನೀರಿಗೆ ಬಿದ್ದರು. ಅಮೆರಿಕದ ಎಲ್ಸ್‌ವರ್ತ್ ಅವರನ್ನು ಉಳಿಸಿದನು. ಎಂಜಿನ್ ಸರಿಹೋಯಿತು. ಆದರೆ ನೀರೆಲ್ಲ ಹೆಪ್ಪುಗಟ್ಟಿತ್ತು. ಆರೂ ಜನರನ್ನು ಹೊತ್ತು ಒಂದೇ ವಿಮಾನ ಮೇಲೇಳಬೇಕಾದರೆ ಸಮತಟ್ಟಾದ ಹಾದಿ ಬೇಕು. ಕೈಯಲ್ಲಿದ್ದುದೋ ಮರದ ಸಲಿಕೆ, ಕೊಡಲಿ, ಕೋಲಿಗೆ ಕಟ್ಟಿದ ಚಾಕು! ದಿನದ ಆಹಾರವನ್ನು ಅರ್ಧ ಪೌಂಡಿಗೆ ಇಳಿಸಿಕೊಂಡು ಅವರು ನೂರಾರು ಟನ್ ಹಿಮವನ್ನು ಕಡಿದು ಸರಿಸಿದರು. ಸಿದ್ಧಪಡಿಸಿದ ಹಾದಿಗಳು ಒಂದಾದ ಮೇಲೊಂದು ಒಡೆದುಹೋದವು. ಕಡೆಗೆ, ಮೆತ್ತನೆಯ ಹಿಮವನ್ನು ಕಾಲಿನಿಂದ ತುಳಿದು ಗಟ್ಟಿಮಾಡಿದರು. ಕಾಯುವುದೋ, ಗ್ರೀನ್‌ಲ್ಯಾಂಡಿನತ್ತ ನಡೆಯುವುದೋ ಎಂದು ತೀರ್ಮಾನಿಸಲು ಗೊತ್ತುಮಾಡಿದ್ದ ಜೂನ್ 15ರಂದೇ ವಿಮಾನ ಮೇಲೆದ್ದಿತು. ಸ್ವಾಲ್ಬಾರ್ಡಿನ ಬಳಿ ನೀರಿಗಿಳಿದ ಅವರನ್ನು ಸೀಲ್ ಬೇಟೆಯ ಹಡಗೊಂದು ಹತ್ತಿಸಿಕೊಂಡಿತು.

ಧ್ರುವ ಸಿಕ್ಕಲಿಲ್ಲ, ಆರೂ ಜೀವಗಳು ಉಳಿದವು. ಇದನ್ನು ಸೋಲೆಂದು ಬರೆದಿಡುವ ಇತಿಹಾಸ ಅಪೂರ್ಣವಾದುದು. ಯಂತ್ರ ಅವರನ್ನು ಅಲ್ಲಿಗೆ ಒಯ್ದಿತು. ಹಿಂದಕ್ಕೆ ತಂದದ್ದು ಸಮನಾಗಿ ಹಂಚಿಕೊಂಡ ಹಸಿವು ಮತ್ತು ಶ್ರಮ.

1928ರ ಜೂನ್ 18ರಂದು ಅಮುಂಡ್‌ಸೆನ್, ತನ್ನೊಡನೆ ವಿರಸ ಕಟ್ಟಿಕೊಂಡಿದ್ದ ಇಟಲಿಯ ನೋಬಿಲೆಯನ್ನೇ ಹುಡುಕಲು ಇನ್ನೊಂದು ಜಲವಿಮಾನವನ್ನೇರಿದನು. ಡೀಟ್ರಿಕ್ಸನ್ನನೂ ಜೊತೆಗಿದ್ದನು. ನೋಬಿಲೆ ಬದುಕಿ ಬಂದನು. ಇವರ ವಿಮಾನದ ಕಿತ್ತುಬಂದ ತೇಲುಬುಡವಷ್ಟೇ ಆಗಸ್ಟ್ ಕೊನೆಗೆ ಕಡಲಿನಲ್ಲಿ ದೊರೆಯಿತು. ಈ ಬಾರಿ ತುಳಿದು ಹದಮಾಡಲು ಅವರ ಕಾಲಡಿಯಲ್ಲಿ ಹಿಮವಿರಲಿಲ್ಲ.