ಕಡಲು ದಾಟಿದ ಬುತ್ತಿ

‘ಬುತ್ತಿ’ ಎಂಬುದು ‘ಭುಕ್ತಿ’ಯ ತದ್ಭವ. ದಾರಿಯಲ್ಲಿ ಉಣ್ಣಲೆಂದು ಮನೆಯಿಂದ ಕಟ್ಟಿಕೊಂಡು ಹೋಗುವ ಅನ್ನವದು. ನಂಟರ ಮನೆಗೆ ಒಯ್ಯುವ ತಿಂಡಿಯ ಗಂಟಿನ ಮರ್ಯಾದೆಯೇ ಬೇರೆ. ಭಾಗವತದ ಕುಚೇಲ ದ್ವಾರಕೆಗೆ ಹೊರಡುವಾಗ, ಒಯ್ಯಲು ಮನೆಯಲ್ಲಿ ಏನಾದರೂ ಉಂಟೆ ಎಂದು ಹೆಂಡತಿಯನ್ನು ಕೇಳುತ್ತಾನೆ. ಏನೂ ಇರಲಿಲ್ಲ. ಆಕೆ ನೆರೆಹೊರೆಯಲ್ಲಿ ಬೇಡಿ ತಂದ ನಾಲ್ಕು ಹಿಡಿ ಅವಲಕ್ಕಿಯನ್ನು ಬಟ್ಟೆಯ ಚೂರಿನಲ್ಲಿ ಕಟ್ಟಿಕೊಡುತ್ತಾಳೆ. ಆ ಅವಲಕ್ಕಿ ದಾರಿಯ ಹಸಿವಿಗಲ್ಲ, ತಲಪಿದ ಮನೆಯವರಿಗೆ.

ಕಡಲನ್ನು ಮೊದಲು ದಾಟಿದುದು ಬುತ್ತಿ. ಗಂಟು ದಾಟಿದುದು ಬಹುಕಾಲದ ಮೇಲೆ.

ಸಮುದ್ರಯಾನವನ್ನು ಬೌಧಾಯನ ಧರ್ಮಸೂತ್ರವು ಮನುಷ್ಯನನ್ನು ಪತಿತನನ್ನಾಗಿಸುವ ಕೃತ್ಯಗಳ ಸಾಲಿನಲ್ಲಿ ಇಟ್ಟಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಓದಿಗಾಗಿ ವಿಲಾಯಿತಿಗೆ ಹೊರಟ ಮಡಿವಂತ ಮನೆತನಗಳ ತರುಣರಿಗೆ ಅಲೆಗಳ ಭಯಕ್ಕಿಂತ ಹಡಗಿನ ಅಡುಗೆಯ ಭಯ ಕಡಿಮೆಯದಾಗಿರಲಿಲ್ಲ. 1888ರ ಸೆಪ್ಟೆಂಬರ್ 4ರಂದು ಮೋಹನದಾಸ ಗಾಂಧಿಯವರು ಮುಂಬಯಿಯಿಂದ ಹಡಗು ಹತ್ತುವುದಕ್ಕೆ ಮೊದಲೇ ಜಾತಿಯವರು ಅವರನ್ನು ಹೊರಗೆ ಹಾಕಿದ್ದರು. ಭಕ್ಷ್ಯಗಳಲ್ಲಿ ಮಾಂಸವಿಲ್ಲದುದು ಯಾವುದೆಂದು ಕೇಳಲು ಸಂಕೋಚ. ಚಾಕು, ಮುಳ್ಳುಚಮಚಗಳನ್ನು ಹಿಡಿದು ಅಭ್ಯಾಸವಿಲ್ಲ. ಹೀಗಾಗಿ ತಮ್ಮೊಡನೆ ತಂದಿದ್ದ ಸಿಹಿತಿಂಡಿ, ಹಣ್ಣುಗಳನ್ನೇ ಹೆಚ್ಚಾಗಿ ಕೋಣೆಯಲ್ಲಿ ಕುಳಿತು ತಿನ್ನುತ್ತಿದ್ದರೆಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ಲಂಡನ್ನಿನಲ್ಲೂ ಅರೆಹೊಟ್ಟೆಯೇ. ಫ್ಯಾರಿಂಗ್‌ಡನ್ ಬೀದಿಯ ಶಾಕಾಹಾರಿ ಭೋಜನಶಾಲೆ ಕಣ್ಣಿಗೆ ಬಿದ್ದ ದಿನವೇ ಅವರು ಅಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡುದು. 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಹೊರಟ ಜಯಪುರದ ಸವಾಯಿ ಮಾಧೋಸಿಂಗ್ ಮಹಾರಾಜರಿಗಾದರೋ ಇಂಥ ತೊಡಕಿಲ್ಲ. ಅವರು ಇಡೀ ಹಡಗನ್ನೇ ಗೊತ್ತುಮಾಡಿಕೊಂಡು, ಐದಡಿಗೂ ಎತ್ತರದ ಬೆಳ್ಳಿಯ ಹಂಡೆಗಳಲ್ಲಿ ಗಂಗೋದಕವನ್ನು ತುಂಬಿಸಿ ಒಯ್ದರು. ಆ ಹಂಡೆಗಳನ್ನು ಜಯಪುರದ ಅರಮನೆಯಲ್ಲಿ ಇಂದಿಗೂ ನೋಡಬಹುದು.

ಅರಸನದಾಗಲಿ, ವಿದ್ಯಾರ್ಥಿಯದಾಗಲಿ, ಒಯ್ದವನೇ ತಿಂದು ಕುಡಿದು ಮುಗಿಸುವ ಬುತ್ತಿ ಅದು. ಪರರ ಕೈಯ ಅನ್ನದಿಂದ ದೂರವಿರಲು ಕಟ್ಟಿದ್ದು. ಆಚೆಯ ದಡದಲ್ಲಿ ಅದಕ್ಕಾಗಿ ಕಾದು ನಿಂತವರು ಯಾರೂ ಇರಲಿಲ್ಲ.

ಕಾಯುವವರು ಹುಟ್ಟಿಕೊಂಡುದು ನಮ್ಮವರು ಅಲ್ಲಿ ಸಂಸಾರ ಹೂಡಿದ ಮೇಲೆ. 1948ರ ಜೂನ್ 8ರಂದು ಮುಂಬಯಿಯಿಂದ ಕೈರೊ, ಜಿನೀವಾ ಮಾರ್ಗವಾಗಿ ಲಂಡನ್ನಿಗೆ ಏರ್ ಇಂಡಿಯಾದ ವಿಮಾನ ಹಾರಿತು. ವಾರಗಟ್ಟಲೆಯ ದಾರಿ ದಿನಗಳಿಗೆ ಇಳಿಯಿತು. 1965ರ ಕಾನೂನು ಅಮೆರಿಕದ ಬಾಗಿಲನ್ನು ನಮ್ಮ ಎಂಜಿನಿಯರುಗಳಿಗೂ ವೈದ್ಯರಿಗೂ ತೆರೆಯಿತು. ಮಕ್ಕಳು ಹೋದರು, ಅವರ ಹಿಂದೆ, ಬಾಣಂತನಕ್ಕೆಂದು ತಾಯಂದಿರು ಹೊರಟರು. ಸಾರಿನ ಪುಡಿ, ಚಟ್ನಿಪುಡಿ, ಹಪ್ಪಳ, ಸಂಡಿಗೆ, ಬಾಣಂತಿಗೆ ಅಂಟಿನುಂಡೆ: ಮಡಿಗಾಗಿ ಕಟ್ಟುತ್ತಿದ್ದ ಬುತ್ತಿ ಮಗಳಿಗಾಗಿ ಕಟ್ಟುವ ಗಂಟಾಯಿತು. ಇವೆಲ್ಲ ಆ ಊರಿನ ಅಂಗಡಿಗಳಲ್ಲಿ ದೊರೆಯಲಾರಂಭಿಸಿದ ಮೇಲೂ ಪೆಟ್ಟಿಗೆಯ ಭಾರ ಇಳಿಯಲಿಲ್ಲ. ಇಳಿಯುವುದು ಹೇಗೆ? ಎರಡು ಮನೆಯ ಸಾರಿನ ಪುಡಿ ಒಂದೇ ಆಗಿರುವುದನ್ನು ಯಾರಾದರೂ ಕಂಡಿದ್ದಾರೆಯೆ?

ನಿಷೇಧವೂ ಹೋಗಲಿಲ್ಲ, ಧರ್ಮಶಾಸ್ತ್ರದಿಂದ ಸುಂಕದ ಕಟ್ಟೆಗೆ ಬಂದು ಕುಳಿತಿತು. ಹಾಲಿನ ಪದಾರ್ಥವಾದುದರಿಂದ ಧಾರವಾಡದ ಪೇಡೆಗೆ ಬ್ರಿಟನ್ನಿನಲ್ಲಿ ಪ್ರವೇಶವಿಲ್ಲ. ಆಸ್ಟ್ರೇಲಿಯಾದಲ್ಲಿ, ಪೆಟ್ಟಿಗೆಯಲ್ಲಿರುವ ತಿನಿಸನ್ನು ಬರೆದು ತಿಳಿಸದಿದ್ದರೆ ದಂಡ. ಒಣಕೊಬ್ಬರಿಯಂತೂ ತಾನಾಗಿ ಹೊತ್ತಿಕೊಳ್ಳಬಲ್ಲುದೆಂದು ವಿಮಾನಯಾನದ ಅಪಾಯಕರ ಸರಕುಗಳ ಪಟ್ಟಿಯಲ್ಲಿ ಸೇರಿದೆ. ವಿಲಾಯಿತಿಯಿಂದ ಮರಳಿದ ಗಾಂಧಿಯವರನ್ನು ಅವರ ಅಣ್ಣ ನಾಸಿಕಕ್ಕೆ ಕರೆದೊಯ್ದು ನದಿಯಲ್ಲಿ ಮೀಯಿಸಿದ್ದರು. ಈಗಿನ ಪ್ರಾಯಶ್ಚಿತ್ತ ಊರಿಗೆ ಮರಳುವವರೆಗೆ ಕಾಯುವುದಿಲ್ಲ. ವಿಮಾನ ಇಳಿದೊಡನೆಯೇ ಆಗಿಬಿಡುತ್ತದೆ.

ನನ್ನನ್ನು ಕಾಡುವುದು ಸುಂಕದ ಅಧಿಕಾರಿಯಲ್ಲ. ಹಲಸಿನ ಹಪ್ಪಳಕ್ಕೆ ಬೇಸಗೆಯ ಬಿಸಿಲು ಬೇಕು, ಹರವಲು ಅಂಗಳವೋ ಮಾಳಿಗೆಯೋ ಬೇಕು, ಬೇಯಿಸಿ ಕುಟ್ಟಿ ಒತ್ತಲು ನಾಲ್ಕಾರು ಕೈಗಳು ಬೇಕು. ಬೆಂಗಳೂರಿನ ಬಹುಮಹಡಿಯ ಮನೆಗಳಲ್ಲಿ ಈ ಮೂರೂ ಒಟ್ಟಿಗೆ ಸಿಗುವುದು ಕಷ್ಟ. ಆದುದರಿಂದ ಎಷ್ಟೋ ತಾಯಂದಿರು ಹಪ್ಪಳವನ್ನು ಮಲ್ಲೇಶ್ವರದಲ್ಲೋ ಗಾಂಧಿ ಬಜಾರಿನಲ್ಲೋ ಕೊಂಡು, ಅಂಗಡಿಯ ಹೊದಿಕೆಯನ್ನು ತೆಗೆದು, ಮನೆಯ ಡಬ್ಬಿಗೆ ತುಂಬಿ ಒಯ್ಯುತ್ತಾರೆ. ಕುಚೇಲನ ಹೆಂಡತಿ ಕಟ್ಟಿದ್ದೂ ಕಂಡವರ ಮನೆಯ ಅವಲಕ್ಕಿಯೇ ಎನ್ನಿ. ಸಾರಿನ ಪುಡಿಯನ್ನು ಮಾತ್ರ ಇನ್ನೂ ಮನೆಯಲ್ಲೇ ಹುರಿಯುತ್ತಾರೆ. ಅದರ ಅಳತೆಯನ್ನು ಯಾರೂ ಬರೆದಿಟ್ಟಿಲ್ಲ. ಪ್ರತಿ ಸಲವೂ ಪುಡಿಯೇ ಹೋಗುವುದರಿಂದ ಮಗಳೂ ಕೇಳಿಲ್ಲ.