ಕೌದಿಯೊಳಗಿನ ತೋಳು

ನೀವೀಗ ಹಾಕಿಕೊಂಡಿರುವ ಸ್ಲಿಮ್ ಫಿಟ್ ಶರ್ಟಿನಲ್ಲಿ ಎರಡೂ ಕೈ ಮೇಲಕ್ಕೆತ್ತಿ ನೋಡಿ. ಮೆಟ್ರೋದಲ್ಲಿ ಹಿಡಿಕೆ ಹಿಡಿದಾಗ ಆಗುವುದೇ ಆಗುತ್ತದೆ, ಶರ್ಟು ಪ್ಯಾಂಟಿನಿಂದ ಹೊರಗೆ ಬರುತ್ತದೆ. ಇದೇ ಬಿಗಿ ಅಂಗಿಯಲ್ಲಿ ಕುದುರೆ ಹತ್ತಿ ಕತ್ತಿ ಬೀಸಬೇಕು ಅಂದರೆ?

ಆಳಂದದ ಟೇಲರ್ ಮಾಸ್ತರೊಬ್ಬರ ಮುಂದೆ ಲೇಪಾಕ್ಷಿ ದೇವಸ್ಥಾನದ ಚಿತ್ರಗಳ ಪ್ರಿಂಟ್ ಹರಡಿ ನಾನು ಕೇಳಿದ್ದು ಇದನ್ನೇ. 16ನೇ ಶತಮಾನದ ಆ ಚಿತ್ರಗಳಲ್ಲಿ ಗಂಡಸರು ಬಿಳಿ ಕಬಾಯಿ ತೊಟ್ಟಿದ್ದಾರೆ, ತಲೆಗೆ ಚೂಪು ಕುಲ್ಲಾಯಿ. ಮಾಸ್ತರು ಕನ್ನಡಕ ಏರಿಸಿ ನೋಡಿದರು. “ಇದು ನಮ್ಮ ಶರ್ಟಿನ ತೋಳ ಅಲ್ರಿ. ಬಗಲಾಗ ಏನೋ ಅದ.”

ಕಬಾಯಿ ಅಂದರೆ ಅರಬ್ಬೀ-ಪಾರ್ಸಿಯ ಕಬಾ. 1347ರಲ್ಲಿ ಕಲಬುರಗಿ ಬಹಮನಿಗಳ ರಾಜಧಾನಿಯಾಯಿತು. 1400ರ ಸುಮಾರಿಗೆ ಫಿರೋಜ್ ಷಾ ಭೀಮಾ ದಂಡೆಯಲ್ಲಿ ಫಿರೋಜಾಬಾದ್ ಕಟ್ಟಿಸಿದ. ಕಲಬುರಗಿಯಿಂದ ಜೇವರ್ಗಿ ಕಡೆ ಹೋಗುವವರು ಅದರ ಹತ್ತಿರದಿಂದಲೇ ಹಾಯುತ್ತಾರೆ, ನಿಲ್ಲುವವರು ಕಡಿಮೆ. ವೈರಿ ಅನ್ನಿಸಿಕೊಂಡ ವಿಜಯನಗರವೂ ಇದೇ ಅಂಗಿ ಹಾಕಿತು. 1443ರಲ್ಲಿ ಬಂದ ಪಾರ್ಸಿ ರಾಯಭಾರಿ ಅಬ್ದುರ್ ರಜಾಕ್ ಇಮ್ಮಡಿ ದೇವರಾಯನನ್ನು ಕಂಡದ್ದು ಸಾಟಿನ್ ಕಬಾದಲ್ಲಿ. ತಿರುಮಲದ ಲೋಹಮೂರ್ತಿಯಲ್ಲಿ ಕೃಷ್ಣದೇವರಾಯನ ಮೈ ಬರಿದು, ತಲೆಯ ಮೇಲೆ ಮಾತ್ರ ಕುಲ್ಲಾಯಿ. ದೇವರ ಮುಂದೆ ಬರಿಮೈ, ಪರದೇಶಿಗಳ ಮುಂದೆ ಕಬಾಯಿ. ಇತಿಹಾಸಕಾರ ಫಿಲಿಪ್ ವ್ಯಾಗನರ್ 1996ರಲ್ಲಿ ಇದರ ಮೇಲೊಂದು ಒಳ್ಳೆಯ ಲೇಖನವನ್ನೇ ಬರೆದರು. ಆದರೆ ಅವರ ಆಸಕ್ತಿ ರಾಜಕೀಯದಲ್ಲಿ. ನನ್ನದು ಬಗಲಿನಲ್ಲಿ.

ಬಣ್ಣ, ಕಲ್ಲು, ಮಾತು ಉಳಿದವು, ಬಟ್ಟೆ ಉಳಿಯಲಿಲ್ಲ. ಯುರೋಪಿನವರು ಈ ವಿಷಯದಲ್ಲಿ ಅದೃಷ್ಟವಂತರು. 1364ರಲ್ಲಿ ಯುದ್ಧದಲ್ಲಿ ಸತ್ತ ಶಾರ್ಲ್ ದ ಬ್ಲುವಾ ಎಂಬ ಫ್ರೆಂಚ್ ದೊರೆಯದೆನ್ನುವ ಹತ್ತಿ ತುಂಬಿದ ಬಿಗಿ ಅಂಗಿ ಲಿಯೋನ್ ಮ್ಯೂಸಿಯಮ್ಮಿನಲ್ಲಿದೆ. ಅದರ ತೋಳಿನ ರಂಧ್ರ ಎದೆ-ಬೆನ್ನಿನ ಒಳಗೂ ಹರಡಿಕೊಂಡಿದೆ, ಸುತ್ತ ತ್ರಿಕೋನ ತುಂಡುಗಳು. ಕೈ ಎತ್ತಿದರೂ ಸೊಂಟ ಅಲುಗುವುದಿಲ್ಲ. ಅಂದಹಾಗೆ, ಅವರು ಇಂಥ ತುಂಬಿದ ಅಂಗಿಗೆ ಅಕೆಟನ್ ಅನ್ನುತ್ತಿದ್ದರು. ಅದು ಅರಬ್ಬಿಯ ಅಲ್-ಕುತ್ನ್, ಅಂದರೆ ಹತ್ತಿ! ಅವರ ಜುಪಾನೂ ನಮ್ಮ ಜುಬ್ಬಾವೂ ಒಂದೇ ಅರಬ್ಬಿ ಪದದ ಮಕ್ಕಳು.

ನಮ್ಮ ಸೆಕೆಯಲ್ಲಿ ಯಾರು ಹತ್ತಿ ತುಂಬಿದ ಅಂಗಿ ಹಾಕಿಯಾರು ಅನ್ನಬೇಡಿ. ಆಸ್ಥಾನದ ಕಬಾಯಿ ತೆಳುವಾದದ್ದೇ. ಸೈನಿಕರದು ಬೇರೆ ಕಥೆ. 1520ರ ಹೊತ್ತಿಗೆ ಪೋರ್ಚುಗೀಸ್ ಪಾಯೆಸ್ ವಿಜಯನಗರದ ಸವಾರರ ಪದರ ಪದರದ ಅಂಗಿಗಳನ್ನು ಬಣ್ಣಿಸುತ್ತಾನೆ: ಮೇಲೆ ರೇಷ್ಮೆ, ಒಳಗೆ ಗಟ್ಟಿ ಚರ್ಮ, ಕಬ್ಬಿಣದ ತಗಡು.

ನಾವು ಹತ್ತಿಯಿಂದ ಶುರುಮಾಡಿದೆವು. ಅಫಜಲಪುರದಲ್ಲಿ ಪಿಂಜಾರ ಹಿರಿಯರೊಬ್ಬರು ಅಟ್ಟದಿಂದ ಕಮಾನು ಇಳಿಸಿ ಎರಡು ಕಿಲೋ ಅರಳೆ ಹಿಂಜಿಕೊಟ್ಟರು. ಮಷಿನ್ ಬಂದ ಮೇಲೆ ಕಮಾನು ಮುಟ್ಟಿರಲಿಲ್ಲವಂತೆ. ಅರ್ಧ ಗಂಟೆಗೇ ರಟ್ಟೆ ಸೋತಿತು, ಆದರೂ ನಿಲ್ಲಿಸಲಿಲ್ಲ. ಆ ಅರಳೆಯನ್ನು ನಾನು ಕೆಡಿಸಿದೆ. ಅಳತೆಗೆ ಸರಿಯಾಗಿ ತೋಳು ಕತ್ತರಿಸಿ, ಆಮೇಲೆ ಅರಳೆ ಇಟ್ಟು ಹೊಲಿಸಿದ್ದೆ. ಹೊಲಿಗೆ ಬಿದ್ದಂತೆಲ್ಲಾ ಬಟ್ಟೆ ಸುಕ್ಕಿ, ಒಳಸುತ್ತು ಕಿರಿದಾಗಿ, ಮೊಣಕೈವರೆಗೂ ಏರಲಿಲ್ಲ. ಮೊದಲು ಪದರ ಹೊಲಿಯಬೇಕು, ಆಮೇಲೆ ಕತ್ತರಿಸಬೇಕು. ಮೊಣಕೈ ಮಡಚುವಲ್ಲಿ ಅರಳೆ ತೆಳ್ಳಗಿರಬೇಕು. ಕೌದಿ ಹೊಲಿಯುವ ಯಾವ ಹೆಂಗಸನ್ನು ಕೇಳಿದ್ದರೂ ಸುಕ್ಕುವ ಸಂಗತಿ ಹೇಳುತ್ತಿದ್ದಳು. ನಾನು ಪಿಡಿಎಫ್ ಓದುತ್ತಿದ್ದೆ.

ಕೌದಿ ಅಂದಾಗ ನೆನಪಾಯಿತು. ಮುತ್ಯಾ ಬಾರಾಬಂದಿ ತೊಡುತ್ತಿದ್ದರು, ಗುಂಡಿಯಿಲ್ಲದ, ಕಸಿ ಕಟ್ಟುವ ಅಂಗಿ. ಅವರು ತೀರಿಕೊಂಡ ಮೇಲೆ ಆ ಅಂಗಿಗಳೆಲ್ಲ ಆಯಿಯ ಕೌದಿಯೊಳಗೆ ಹೋದವು. ನಮ್ಮಲ್ಲಿ ಹಳೆ ಬಟ್ಟೆ ಯಾಕೆ ಉಳಿಯಲಿಲ್ಲ ಅನ್ನುವುದಕ್ಕೆ ಒಂದು ಉತ್ತರ ನನ್ನ ಹಾಸಿಗೆಯ ಮೇಲೇ ಬಿದ್ದಿತ್ತು. ಒಂದು ಮೂಲೆ ಬಿಚ್ಚಲೇ ಅಂತ ಕೇಳಿದೆ.

“ಬಿಚ್ಚಲಾಕ ಬರ್ತದ, ಹೊಲಿಲಾಕ ಬರ್ತದೇನು ನಿನಗ?”

ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಕೌದಿಯ ಮೇಲೆ ಕೈಯಾಡಿಸಿ, ಯಾವ ಮೂಲೆಯಲ್ಲಿ ಮುತ್ಯಾನ ಅಂಗಿ ಇದೆ ಎಂದು ತಾನೇ ಹುಡುಕಿ ಕೊಟ್ಟಳು. ದಾರ ಕಡಿಯುವಾಗ ಮಾತ್ರ ಒಳಗೆ ಹೋಗಿಬಿಟ್ಟಳು. ಸಿಕ್ಕಿತು: ನೇರ ಕತ್ತರಿಸಿದ ತೋಳು, ಬಗಲಿನಲ್ಲಿ ಮೂಲೆ ಕೆಳಗಾಗಿ ಕೂಡಿಸಿದ ಚೌಕ ತುಂಡು. ನಾನು ಚೌಕವನ್ನಷ್ಟೇ ನಿರೀಕ್ಷಿಸಿದ್ದೆ. ಅದರ ಸುತ್ತ ಎರಡು ಸಾಲು ಒತ್ತು ಹೊಲಿಗೆಯೂ ಇತ್ತು. ಅಂಗಿ ಹರಿಯುವುದು ಮೊದಲು ಅಲ್ಲಿಯೇ ತಾನೇ.

ಮುತ್ಯಾನ ಅಂಗಿ 15ನೇ ಶತಮಾನಕ್ಕೆ ಸಾಕ್ಷಿಯಲ್ಲ, ಗೊತ್ತು. ಆದರೆ ಬಟ್ಟೆ ಹಾಳುಮಾಡದೆ ತೋಳಿಗೆ ಜಾಗ ಕೊಡುವ ಈ ಚೌಕ ಕಬಾಯಿಗೂ ಒಪ್ಪುತ್ತದೆ. ಮಾಸ್ತರು ಅದೇ ಅಳತೆಯಲ್ಲಿ ಬಲತೋಳು ಕೂಡಿಸಿ ನನಗೆ ತೊಡಿಸಿದರು. ಕೈ ಎತ್ತಿದೆ. ಸೊಂಟ ಅಲುಗಲಿಲ್ಲ. “ಹೇಳಿದ್ನಿಲ್ರಿ,” ಅಂದರು.

ಎಡತೋಳು ಇನ್ನೂ ಬಾಕಿ. ಕೌದಿಯ ಮೂಲೆ ನಾನೇ ಹೊಲಿಯುತ್ತಿದ್ದೇನೆ. ಆಯಿ ಎರಡು ಸಲ ಬಿಚ್ಚಿಸಿದ್ದಾಳೆ.